ಅಮ್ಮನ ಎದೆ ಬಡವರ ಇನ್‌ಕ್ಯುಬೇಟರ್ ಅಲ್ಲ ಸ್ವಾಮಿ!

ಹೋದ ತಿಂಗಳು ಅಕ್ಕನ ಮಗನನ್ನ ನೋಡೋಕೆ ದೊಡ್ಡಆಲಹಳ್ಳಿಗೆ ಹೋಗಿದ್ದೆ. ಎಂಟು ವಾರ ಮುಂಚೆ ಹುಟ್ಟಿದ ಕೂಸು, ಹುಟ್ಟಿದಾಗ ತೂಕ 1,400 ಗ್ರಾಂ. ಅಕ್ಕ ಅವನನ್ನ ಮೈಗೆ ಮೈ ತಾಗೋ ಹಾಗೆ ಎದೆಗೆ ಕಟ್ಟಿಕೊಂಡು ಒರಗಿ ಕೂತಿದ್ದಳು. ನೋಡೋಕೆ ಬಂದ ನೆಂಟರೊಬ್ಬರು, "ದುಡ್ಡಿನ ಮುಖ ನೋಡ್ದೆ ಇನ್ನೊಂದಿಷ್ಟು ದಿನ ಗಾಜಿನ ಪೆಟ್ಟಿಗೇಲಿ ಇಡಿಸಬಾರದಿತ್ತಾ?" ಅಂದುಬಿಟ್ಟರು. ಅಕ್ಕನ ಮುಖ ಸಣ್ಣಗಾಯ್ತು. ನನಗೆ ರೇಗಿತು. ಅಲ್ಲಿ ಆಡಲಾಗದ ಮಾತು ಇಲ್ಲಿ ಬರೀತಿದ್ದೀನಿ.

ರೇಷ್ಮೆ ಸಾಕೋ ನಮ್ಮ ಕಡೆಯವರಿಗೆ ಚಾಕಿ ಹುಳಕ್ಕೆ ಬಿಸುಪು ಎಷ್ಟು ಮುಖ್ಯ ಅಂತ ಯಾರೂ ಹೇಳಿಕೊಡಬೇಕಿಲ್ಲ. ಕೂಸಿನ ವಿಷಯಕ್ಕೆ ಬಂದ್ರೆ ಮಾತ್ರ ಬಿಸುಪು ಕರೆಂಟಿನಿಂದಲೇ ಬರಬೇಕು!

ಇದಕ್ಕೆ ಕಾಂಗರೂ ಆರೈಕೆ ಅಂತಾರೆ. 1978ರ ಹೊತ್ತಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನೋ ವೈದ್ಯರು ಇನ್‌ಕ್ಯುಬೇಟರ್ ಸಾಲದೆ ಶುರು ಮಾಡಿದ್ದು ನಿಜ. ಆದರೆ ಕಥೆ ಅಲ್ಲಿಗೇ ನಿಂತಿಲ್ಲ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 1 ಕೆಜಿಯಿಂದ 1.8 ಕೆಜಿಯೊಳಗಿನ 3,211 ಶಿಶುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಮೊದಲು ಯಂತ್ರದಲ್ಲಿಟ್ಟು, ಚೇತರಿಸಿಕೊಂಡ ಮೇಲೆ ತಾಯಿಗೆ ಕೊಟ್ಟ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ. 15.7. ಹುಟ್ಟಿದ ಕೂಡಲೇ ಎದೆಗೆ ಕೊಟ್ಟವರಲ್ಲಿ ಶೇ. 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದ್ರೆ ಪ್ರಯೋಗವನ್ನ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಹಾಗಂತ ಇದು ಆಸ್ಪತ್ರೆ ಬೇಡ ಅನ್ನೋ ವಾದ ಅಲ್ಲ. ಅಲ್ಲಿ ಔಷಧಿ, ಆಕ್ಸಿಜನ್ ಎಲ್ಲವೂ ಇತ್ತು, ಜೊತೆಗೆ ಅಮ್ಮನೂ ಇದ್ದಳು.

ಇನ್ನು ಮಿದುಳಿನ ವಿಷಯ. 2014ರಲ್ಲಿ ಈಜಿಪ್ಟಿನ ವೈದ್ಯರು 60 ಅವಧಿಪೂರ್ವ ಶಿಶುಗಳ ಮಿದುಳಿನ ರಕ್ತನಾಳವನ್ನ ಡಾಪ್ಲರ್‌ನಲ್ಲಿ ನೋಡಿದರು. ಅರ್ಧ ಗಂಟೆ ಎದೆಗೆ ಒರಗಿಸಿದ ಮೇಲೆ ರಕ್ತದ ಹರಿವಿಗೆ ಇದ್ದ ತಡೆ ಕಡಿಮೆಯಾಗಿತ್ತು, ಎರಡು ಬಡಿತಗಳ ನಡುವಿನ ಹರಿವು ಹೆಚ್ಚಿತ್ತು. ಇದನ್ನೇ "ಮಗು ಜೀನಿಯಸ್ ಆಗುತ್ತೆ" ಅಂತ ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ಚಿಕ್ಕ ಅಧ್ಯಯನ, ಅದೇ ಮಗುವಿನ ಮೊದಲು-ಆಮೇಲಿನ ಹೋಲಿಕೆ ಅಷ್ಟೇ. ಆದರೆ ಇದೇ ಕೆಲಸವನ್ನ ಹತ್ತು ಲಕ್ಷದ ಯಂತ್ರ ಮಾಡಿದ್ದಿದ್ರೆ ಆಸ್ಪತ್ರೆಯವರು ಬೋರ್ಡ್ ಹಾಕಿಸ್ತಿರಲಿಲ್ವಾ?

ಅಕ್ಕನ ಕೂಸು ಮೊದಲಿದ್ದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಆಕೆ ಗಾಜಿನಾಚೆಯಿಂದ ನೋಡಿದ್ದಷ್ಟೇ. ದಿನಕ್ಕೆರಡು ಸಲ, ಅದೂ ನೆಂಟರ ಜೊತೆ ಸರದಿಯಲ್ಲಿ. ಹೆತ್ತವಳು 'ವಿಸಿಟರ್' ಅಂತೆ! ಬೇರೆ ಆಸ್ಪತ್ರೆಗೆ ಹೋದ ಮೇಲೆ ಅಲ್ಲಿನ ನರ್ಸಮ್ಮ ಎದೆಗೆ ಕಟ್ಟೋದು ಕಲಿಸಿದರು.

ಹಾಗಂತ ಎಲ್ಲಾ ಭಾರ ತಾಯಿ ಮೇಲೆ ಹೊರಿಸೋದೂ ಅನ್ಯಾಯವೇ. ನಮ್ಮ ಕೊಪ್ಪಳ ಸೇರಿ ಭಾರತದ ಮೂರು ಕಡೆ ಇದನ್ನ ಸರ್ಕಾರಿ ವ್ಯವಸ್ಥೆಯೊಳಗೇ ಬೆಳೆಸೋ ಪ್ರಯತ್ನ ನಡೀತು. 2021ರಲ್ಲಿ ಬಂದ ವರದಿ ಪ್ರಕಾರ, ಆಸ್ಪತ್ರೆಯಿಂದ ಹೊರಡೋ ಹೊತ್ತಿಗೆ ದಿನಕ್ಕೆ ಎಂಟು ಗಂಟೆ ಎದೆಯಾಸರೆ ಮತ್ತು ಬರೀ ಎದೆಹಾಲು ಎರಡೂ ಸಿಕ್ಕಿದ್ದು ಶೇ. 55 ಕೂಸುಗಳಿಗೆ. ಎಂಟು ಗಂಟೆ ಅಂದ್ರೆ ನಮ್ಮ ಆಫೀಸಿನ ಒಂದು ಶಿಫ್ಟು! ಅಷ್ಟು ಹೊತ್ತು ಮುದ್ದೆ ತೊಳಸೋರು ಯಾರು? ಹಟ್ಟಿ ನೋಡೋರು ಯಾರು? ಪುರುಡು, ಮೈಲಿಗೆ ಅಂತ ದೂರ ನಿಲ್ಲೋ ಅಪ್ಪಂದಿರೇ, ನಿಮ್ಮ ಎದೆಯೂ ಅಷ್ಟೇ ಬೆಚ್ಚಗಿದೆ.

ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಹಾಗಾಗಿ ಮುಂದಿನ ಸಲ ನಿಮ್ಮವರ ಕೂಸು ಎನ್‌ಐಸಿಯು ಸೇರಿದ್ರೆ ಯಂತ್ರ ಯಾವ ಕಂಪನೀದು ಅಂತ ಕೇಳಬೇಡಿ. ಒಳಗೆ ಅಮ್ಮನಿಗೆ ಮಂಚ ಇದೆಯಾ ಅಂತ ಕೇಳಿ. ಇಲ್ಲ ಅಂದ್ರೆ, ಯಾಕಿಲ್ಲ ಅಂತ ಜಗಳ ಆಡಿ.

ನೀವೇನಂತೀರಿ?