ಗ್ರಾಮೀಣ ಬ್ಯಾಂಕೋ, ಜಾಗತಿಕ ಬ್ಯಾಂಕೋ? ಪ್ಯಾಕೇಜ್ ನೋಡುವ ಮುನ್ನ

ಅಳವಂಡಿ, ಕೊಪ್ಪಳ, ಕುಷ್ಟಗಿ ಭಾಗದ ಸಮಾಜದ ಮನೆಗಳಲ್ಲಿ ಮೊದಲೆಲ್ಲ ಮಕ್ಕಳು ಓದು ಮುಗಿಸಿ ಅಂಗಡಿಗೇ ಬಂದು ಕೂರುತ್ತಿದ್ದರು. ಈಗ ಬಿ.ಕಾಂ., ಸಿ.ಎ., ಎಂಜಿನಿಯರಿಂಗ್ ಮುಗಿಸಿದವರ ಮುಂದೆ ಬ್ಯಾಂಕಿನ ಎರಡು ದಾರಿಗಳಿವೆ. ಒಂದು, ಪಕ್ಕದ ಊರಿನ ಗ್ರಾಮೀಣ ಬ್ಯಾಂಕ್. ಇನ್ನೊಂದು, ಬೆಂಗಳೂರಿನಲ್ಲಿರುವ ವಿದೇಶಿ ಹೂಡಿಕೆ ಬ್ಯಾಂಕ್. ಮದುವೆಯ ಬಯೋಡೇಟಾದಲ್ಲಿ ಎರಡನೆಯದಕ್ಕೇ ತೂಕ ಹೆಚ್ಚು. ಈ ತೂಕ ಸರಿಯೇ ಎಂದು ಪಾಲಕರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಮೊದಲು ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಪ್ರಧಾನ ಕಚೇರಿ ಬಳ್ಳಾರಿ, ಪ್ರಾಯೋಜಕ ಕೆನರಾ ಬ್ಯಾಂಕ್. ಕೇಂದ್ರ ಸರ್ಕಾರದ ಪಾಲು ಶೇ. 50, ಪ್ರಾಯೋಜಕ ಬ್ಯಾಂಕಿನದು ಶೇ. 35, ರಾಜ್ಯದ್ದು ಶೇ. 15. 2024ರ ವೇತನ ಒಪ್ಪಂದದ ಪ್ರಕಾರ ಸ್ಕೇಲ್ 1 ಅಧಿಕಾರಿಯ ಮೂಲ ವೇತನ 48,480 ರೂಪಾಯಿಯಿಂದ ಶುರು. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. 2019ರಿಂದ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಕೊರತೆಗಳೂ ಇವೆ. ಹೊಸಬರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಮಾತ್ರ. ಬಡ್ತಿ ನಿಧಾನ. ಅಧ್ಯಕ್ಷ ಸ್ಥಾನಕ್ಕೆ ಪ್ರಾಯೋಜಕ ಬ್ಯಾಂಕಿನವರೇ ಬರುತ್ತಾರೆ. ಬ್ಯಾಂಕ್ ಈಗ ರಾಜ್ಯವ್ಯಾಪಿ ಆಗಿರುವುದರಿಂದ ವರ್ಗಾವಣೆ ದೂರದ ಜಿಲ್ಲೆಗೂ ಆಗಬಹುದು.

ಇನ್ನು ಜಾಗತಿಕ ಬ್ಯಾಂಕ್. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿಗೆ ಬಂತು. ಜೆ.ಪಿ. ಮಾರ್ಗನ್‌ನಂಥ ಬ್ಯಾಂಕುಗಳೂ ಇಲ್ಲಿವೆ. ಒಂದು ಮಾತು ಗಮನಿಸಬೇಕು. ಕಂಪನಿಗಳ ಖರೀದಿ-ಮಾರಾಟ ಕುದುರಿಸುವುದು, ಷೇರು ಮಾರುಕಟ್ಟೆಗೆ ತರುವುದು ಹೆಚ್ಚಾಗಿ ಮುಂಬೈ ಕಚೇರಿಗಳ ಕೆಲಸ. ಬೆಂಗಳೂರಿನ ಕೇಂದ್ರಗಳಲ್ಲಿ ಹೆಚ್ಚು ಜನ ಮಾಡುವುದು ಸಾಫ್ಟ್‌ವೇರ್, ಲೆಕ್ಕಪತ್ರ, ಅಪಾಯದ ಅಂದಾಜು, ವ್ಯವಹಾರ ನಿರ್ವಹಣೆ. ಎಂಜಿನಿಯರ್‌ಗಳಿಗೆ ಸಂಬಳ ಮೊದಲಿನಿಂದಲೇ ದೊಡ್ಡದು. ವ್ಯವಹಾರ ನಿರ್ವಹಣೆಗೆ ಸೇರುವ ಬಿ.ಕಾಂ. ಪದವೀಧರರಿಗೆ ಅಷ್ಟು ಅಂತರ ಕಾಣುವುದಿಲ್ಲ. ಅಲ್ಲಿ 'ವೈಸ್ ಪ್ರೆಸಿಡೆಂಟ್' ಎಂದರೆ ಬ್ಯಾಂಕಿನ ಉಪಾಧ್ಯಕ್ಷರಲ್ಲ. ಅದು ಮಧ್ಯಮ ದರ್ಜೆಯ ಹುದ್ದೆ, ಸಾವಿರಾರು ಜನರಿಗೆ ಇರುತ್ತದೆ.

ಪ್ಯಾಕೇಜ್ ಎಂಬ ಅಂಕಿಯಲ್ಲಿ ಬೋನಸ್, ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲವೂ ಸೇರಿರಬಹುದು. ಕೈಗೆ ಬರುವುದು ಅದಕ್ಕಿಂತ ಕಡಿಮೆ. ಬೋನಸ್ ಅಂತೂ ವರ್ಷದ ಲಾಭ ನೋಡಿ ಕೊಡುವುದು. ಬೆಂಗಳೂರಿನ ಬಾಡಿಗೆ, ಮುಂಗಡ, ಓಡಾಟ ಕಳೆದ ಮೇಲೆ ಉಳಿಯುವುದೆಷ್ಟು ಎಂಬುದೇ ನಿಜವಾದ ಲೆಕ್ಕ. ಅಂಗಡಿಯಲ್ಲೂ ಗಲ್ಲೆಯ ಹಣವನ್ನು ಯಾರೂ ಲಾಭ ಎನ್ನುವುದಿಲ್ಲ.

ಭದ್ರತೆಯ ಮಾತೂ ಇದೆ. 2008ರ ಸೆಪ್ಟೆಂಬರ್‌ನಲ್ಲಿ ನೂರೈವತ್ತು ವರ್ಷ ದಾಟಿದ್ದ ಲೇಮನ್ ಬ್ರದರ್ಸ್ ದಿವಾಳಿ ಎದ್ದಿತು. 2023ರ ಜನವರಿಯಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಜಗತ್ತಿನಾದ್ಯಂತ ಸುಮಾರು 3,200 ಜನರನ್ನು ಕೆಲಸದಿಂದ ತೆಗೆಯಿತು. ಗ್ರಾಮೀಣ ಬ್ಯಾಂಕುಗಳು ಎಷ್ಟೋ ಸಲ ವಿಲೀನವಾಗಿವೆ, ಆದರೆ ಸಿಬ್ಬಂದಿ ಹೊಸ ಬ್ಯಾಂಕಿಗೆ ಹೋದರೇ ಹೊರತು ಮನೆಗಲ್ಲ.

ಜೈನ ಮನೆಗಳಿಗೆ ಇನ್ನೊಂದು ಪ್ರಶ್ನೆಯಿದೆ. ನ್ಯೂಯಾರ್ಕ್ ಷೇರುಪೇಟೆ ತೆರೆಯುವಾಗ ಇಲ್ಲಿ ಸಂಜೆ ಏಳೋ ಎಂಟೋ ಗಂಟೆ. ಆ ಪೇಟೆಗೆ ಹೊಂದಿಕೊಂಡ ಕೆಲಸವಾದರೆ ಸೂರ್ಯಾಸ್ತದೊಳಗೆ ಊಟ ಮಾಡುವ ನಿಯಮ ಉಳಿಯುವುದು ಕಷ್ಟ. ಎಲ್ಲ ವಿಭಾಗಗಳಲ್ಲೂ ಹೀಗಿಲ್ಲ. ಸೇರುವ ಮೊದಲೇ ವೇಳೆ ಕೇಳಿ ತಿಳಿಯುವುದು ಜಾಣತನ.

ಹಾಗೆಂದು ಬೆಂಗಳೂರಿನ ದಾರಿ ಕೆಟ್ಟದ್ದಲ್ಲ. ಅಲ್ಲಿ ಕಲಿಯುವ ಕೆಲಸಕ್ಕೆ ಲಂಡನ್, ಸಿಂಗಾಪುರದಲ್ಲೂ ಬೆಲೆಯಿದೆ. ಓದಿನ ಸಾಲವಿಲ್ಲದ, ಕಲಿಯುವ ಹಸಿವಿರುವ ಮಕ್ಕಳು ಧೈರ್ಯವಾಗಿ ಹೋಗಲಿ. ವಯಸ್ಸಾದ ತಂದೆ-ತಾಯಿ, ತಮ್ಮ-ತಂಗಿಯರ ಓದು ಹೊತ್ತವರಿಗೆ ತಪ್ಪದೆ ಬರುವ ಸಂಬಳವೇ ದೊಡ್ಡದು. ಹೊಲ ಊಳುವವರಿಗೆ, ಮಹಿಳಾ ಸಂಘಗಳಿಗೆ ಸಾಲ ಕೊಡುವ ಅಧಿಕಾರಿ ಊರಿಗೂ ಬೇಕಾದವರು. ಬಯೋಡೇಟಾ ಓದುವಾಗ ಗ್ರಾಮೀಣ ಬ್ಯಾಂಕಿನ ಹುಡುಗಿಯನ್ನೋ ಹುಡುಗನನ್ನೋ ಒಂದು ಅಂಕಿಯಿಂದ ಕೆಳಗೆ ಹಾಕುವ ಮುನ್ನ ಹಿರಿಯರು ಇಷ್ಟನ್ನಾದರೂ ಕೂಡಿಸಿ ಕಳೆಯಲಿ.