ಒಲೆಯ ಮುಂದಿನ ಪಾಠ

ಒಬ್ಬನ ಶಿಕ್ಷಣ ಪೂರ್ಣವಾಯಿತೆನ್ನಲು ಅವನಿಗೆ ಏನೇನು ಬರಬೇಕು? ಓದು, ಬರಹ, ಲೆಕ್ಕ, ಸಭೆಯಲ್ಲಿ ನಾಲ್ಕು ಮಾತು, ಹಿರಿಯರಲ್ಲಿ ವಿನಯ ಎಂದು ಎಲ್ಲರೂ ಹೇಳುತ್ತಾರೆ. ತನ್ನ ಹೊಟ್ಟೆಗೆ ಬೇಕಾದ ಅನ್ನವನ್ನು ತಾನೇ ಬೇಯಿಸಿಕೊಳ್ಳುವ ವಿದ್ಯೆಯನ್ನು ಮಾತ್ರ ಈ ಸಾಲಿಗೆ ಯಾರೂ ಸೇರಿಸುವುದಿಲ್ಲ. ಪ್ರೌಢಶಾಲೆಯಲ್ಲಿ 32 ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದ ನಾನೂ ಸೇರಿಸಿರಲಿಲ್ಲ. ಆ ಲೋಪ ನನ್ನ ಅರಿವಿಗೆ ಬಂದ ಬಗೆಯನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಟ್ಟು, ಅದರಿಂದ ಹೊಳೆದ ಒಂದು ಸಲಹೆಯನ್ನು ಅರಿಕೆ ಮಾಡಿಕೊಳ್ಳಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ರಜೆಗೆ ಊರಿಗೆ ಬಂದಳು. ಬಂದವಳೇ, ಇನ್ನು ಮುಂದೆ ತಾನು ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲವೆಂದು ತಿಳಿಸಿದಳು. ಪ್ರಾಣಿಗಳಿಂದ ಬಂದ ಏನನ್ನೂ ತಿನ್ನದ ಈ ಕ್ರಮಕ್ಕೆ ‘ವೀಗನ್’ ಎಂಬ ಹೆಸರಿದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಆಹಾರವನ್ನು ಅನುಸರಿಸುವವರು ಸಂಘವೊಂದನ್ನು ಕಟ್ಟಿಕೊಂಡಾಗ ಹುಟ್ಟಿದ ಪದವದು. ಮನೆಯಲ್ಲಿ ಚಿಂತೆಗಿಟ್ಟುಕೊಂಡಿತು. ‘ಹಾಲಿಲ್ಲ, ಮಜ್ಜಿಗೆಯಿಲ್ಲ ಅಂದ್ರ ಈ ಕೂಸಿಗೆ ಏನು ಹಾಕೂದು?’ ಎಂದು ನನ್ನ ಶ್ರೀಮತಿ ಕೈಹೊತ್ತು ಕುಳಿತಳು. ಅದೇ ವಾರ ಅವಳು ಹಿತ್ತಲಿನಲ್ಲಿ ಕಾಲು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರ ಕೈಗೆ ಪಟ್ಟಿ ಬಿತ್ತು.

ಆಗ ಮನೆಯಲ್ಲಿದ್ದವರು ನಾನು ಮತ್ತು ಮೊಮ್ಮಗಳು. ಇಬ್ಬರಿಗೂ ಚಹ ಕಾಯಿಸುವುದಕ್ಕಿಂತ ಹೆಚ್ಚಿನದು ಬರುತ್ತಿರಲಿಲ್ಲ. ಎರಡು ದಿನ ಖಾನಾವಳಿಯಿಂದ ಬುತ್ತಿ ತರಿಸಿದೆವು. ಮೂರನೆಯ ದಿನ ಶ್ರೀಮತಿ ಒಲೆಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ನಮಗೆ ಪಾಠ ಆರಂಭಿಸಿದಳು. ನಾನು ಜೋಳದ ಹಿಟ್ಟಿಗೆ ತಣ್ಣೀರು ಸುರಿದು ನಾದತೊಡಗಿದಾಗ, ‘ಎಸರು ಹಾಕ್ರೀ, ಕುದಿಯೋ ಎಸರು! ಇಲ್ಲಂದ್ರ ರೊಟ್ಟಿ ಕೂಡೂದಿಲ್ಲ’ ಎಂದು ಗದರಿಸಿದಳು. ಗೋದಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಕುದಿನೀರಿನಿಂದ ಪಿಷ್ಟ ಬೆಂದು ಅಂಟಾದರೆ ಮಾತ್ರ ಹಿಟ್ಟು ಒಂದುಗೂಡುತ್ತದೆ. ಪಿಷ್ಟದ ಗುಣಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದವನು ನಾನು. ಅದರ ಪ್ರಯೋಗ ಮಾತ್ರ ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಹೆಂಡತಿಗೆ ಗೊತ್ತಿತ್ತು.

ಆ ಆರು ವಾರಗಳಲ್ಲಿ ನಮ್ಮ ತಾಟಿನಲ್ಲಿ ಬಿದ್ದದ್ದೇನು? ಜೋಳದ ರೊಟ್ಟಿ, ಒಮ್ಮೊಮ್ಮೆ ಸಜ್ಜೆ ರೊಟ್ಟಿ. ಅದರ ಜೊತೆಗೆ ಮೊಳಕೆ ಬರಿಸಿದ ಹೆಸರು ಇಲ್ಲವೆ ಮಡಿಕೆ ಕಾಳಿನ ಪಲ್ಯ, ಜೋಳದ ನುಚ್ಚು ತೊಗರಿಬೇಳೆ ಸೇರಿಸಿ ಬೇಯಿಸಿದ ಪುಂಡಿಪಲ್ಯ, ಕಡಲೆಹಿಟ್ಟಿನ ಝುಣಕ, ಎಣ್ಣೆಗಾಯಿ, ಹುರುಳಿಕಟ್ಟಿನ ಸಾರು. ಬದಿಗೆ ಶೇಂಗಾ, ಗುರೆಳ್ಳು, ಅಗಸಿ ಹಿಂಡಿಗಳಲ್ಲೊಂದು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಎಳೆ ಸೊಪ್ಪು. ಹತ್ತು ದಿನಗಳಾದ ಮೇಲೆ ಮೊಮ್ಮಗಳು ನಗುತ್ತ ಕೇಳಿದಳು: ‘ಅಜ್ಜಾ, ಇದರಾಗ ಹಾಲೆಲ್ಲಿ ಐತಿ?’ ಎಲ್ಲಿಯೂ ಇರಲಿಲ್ಲ. ಅವಳಿಗಾಗಿ ನಾವು ಹೊಸದೇನನ್ನೂ ಮಾಡಿರಲಿಲ್ಲ. ಪರದೇಶದಿಂದ ಬಂದ ಹೊಸ ವ್ರತವೆಂದು ಯಾವುದಕ್ಕೆ ನಾವು ಗಾಬರಿಯಾಗಿದ್ದೆವೋ ಅದು ನಮ್ಮ ಬಯಲುಸೀಮೆಯ ಬಡವನ ದಿನನಿತ್ಯದ ಊಟವೇ ಆಗಿತ್ತು. ಹೈನಿದ್ದವರ ಮನೆಯಲ್ಲಿ ಅದರ ಪಕ್ಕಕ್ಕೆ ಒಂದು ಬಟ್ಟಲು ಮಜ್ಜಿಗೆ ಬರುತ್ತಿತ್ತು, ಇಲ್ಲದವರ ಮನೆಯಲ್ಲಿ ಬರುತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ.

ಈ ಊಟವನ್ನು ಹೊಗಳುವುದು ಕೇವಲ ಅಭಿಮಾನದ ಮಾತಲ್ಲ. ಏಕದಳ ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಕಾಳಿನಲ್ಲಿ ಕೊರತೆಯಿರುವ ಮಿಥಿಯೊನಿನ್ ಧಾನ್ಯದಲ್ಲಿದೆ. ರೊಟ್ಟಿಯ ಜೊತೆಗೆ ಕಾಳುಪಲ್ಯ ಇಟ್ಟ ನಮ್ಮ ತಾಯಂದಿರು ಈ ಹೆಸರುಗಳನ್ನು ಅರಿಯದೆಯೇ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿದ್ದರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಎಳ್ಳಿನಲ್ಲಿ ಅದಕ್ಕಿಂತಲೂ ಹೆಚ್ಚು. ಸಜ್ಜೆಯಲ್ಲಿ ಅಕ್ಕಿಗಿಂತ ಬಹಳ ಹೆಚ್ಚು ಕಬ್ಬಿಣಾಂಶವಿದೆ. ಕಾಳು ಮೊಳಕೆಯೊಡೆದಾಗ, ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುವ ಫೈಟೇಟ್ ಕಡಿಮೆಯಾಗಿ ಸಿ ಜೀವಸತ್ವ ಹೆಚ್ಚುತ್ತದೆ. ಪಲ್ಯದ ಮೇಲೆ ಲಿಂಬೆ ಹಿಂಡುವುದರಿಂದಲೂ ಆ ಅಂಶ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದ ಬೆನ್ನಿಗೇ ಚಹ ಕುಡಿದರೆ ಈ ಲಾಭದ ಬಹುಭಾಗ ಕೈತಪ್ಪುತ್ತದೆ.

ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಜನ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ನಮ್ಮ ಶಾಲೆಗಳ ಪ್ರಾರ್ಥನೆಯ ಸಾಲಿನಲ್ಲಿ ತಲೆತಿರುಗಿ ಕುಸಿಯುವ ಹುಡುಗಿಯನ್ನು ಕಾಣದ ಶಿಕ್ಷಕರು ವಿರಳ. ಬೆಳಿಗ್ಗೆ ಏನು ತಿಂದೆಯಮ್ಮಾ ಎಂದು ಕೇಳಿದರೆ ಚಹ ಬಿಸ್ಕೀಟು ಎಂಬ ಉತ್ತರ ಬರುತ್ತದೆ.

ಇನ್ನೊಂದು ಪಕ್ಷವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬಿ-12 ಎಂಬ ಜೀವಸತ್ವ ಸಸ್ಯಾಹಾರದಲ್ಲಿ ನೆಚ್ಚುವಷ್ಟು ದೊರೆಯುವುದಿಲ್ಲ. ಹಾಲನ್ನು ಪೂರ್ಣ ಬಿಟ್ಟವರು ವೈದ್ಯರನ್ನು ಕೇಳಿ ಅದನ್ನು ಗುಳಿಗೆಯ ರೂಪದಲ್ಲಿಯೋ, ಅದನ್ನು ಬೆರೆಸಿದ ಆಹಾರದ ಮೂಲಕವೋ ಪಡೆಯಲೇಬೇಕು. ಬೆಳೆಯುವ ಮಕ್ಕಳ ಹಾಗೂ ಗರ್ಭಿಣಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮೊಮ್ಮಗಳಿಗೆ ನಾನು ಹಾಕಿದ ಷರತ್ತು ಇದೊಂದೇ, ಅವಳು ಒಪ್ಪಿಕೊಂಡಳು. ನಾನಂತೂ ಹಾಲನ್ನು ಬಿಟ್ಟಿಲ್ಲ, ಬಿಡಿರೆಂದು ಇತರರಿಗೆ ಹೇಳುವವನೂ ಅಲ್ಲ. ಎರಡು ಎಮ್ಮೆ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಊರಿನವನು ನಾನು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಬಡ ಮಕ್ಕಳ ಬಾಯಿಗೆ ಹಾಲು ಬಿದ್ದದ್ದು ಸಂತೋಷದ ಸಂಗತಿಯೇ. ಹಾಲು ಇಲ್ಲದ ದಿನವೂ ಊಟ ಪರಿಪೂರ್ಣವಾಗಬಲ್ಲದು ಎಂಬುದಷ್ಟೇ ನನ್ನ ಮಾತು.

ಊಟಕ್ಕಿಂತ ಹೆಚ್ಚು ಕೆಟ್ಟಿರುವುದು ನಡುಹೊತ್ತಿನ ತಿನಿಸು. ಶಾಲೆಯ ಬಾಗಿಲಲ್ಲಿ ಬಣ್ಣದ ಪಾಕೀಟುಗಳು ತೂಗುತ್ತಿವೆ. ಒಳಗಿರುವುದು ಬಹುಮಟ್ಟಿಗೆ ಹಿಟ್ಟು, ಎಣ್ಣೆ ಮತ್ತು ಉಪ್ಪು. ಪ್ರಾಯಕ್ಕೆ ಬಂದವರಿಗೂ ದಿನವೊಂದಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರ ಬದಲು ಮನೆಯಲ್ಲಿ ಮಾಡಬಹುದಾದದ್ದು ಏನಿಲ್ಲ? ಚುರಮುರಿಯನ್ನು ನೀರಿನಲ್ಲಿ ತೋಯಿಸಿ ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ಹತ್ತು ನಿಮಿಷದಲ್ಲಿ ಸುಸಲಾ ಸಿದ್ಧ. ರಾತ್ರಿ ನೆನೆಹಾಕಿದ ಕಡಲೆಯನ್ನು ಬೆಳಿಗ್ಗೆ ಬೇಯಿಸಿದರೆ ಗುಗ್ಗರಿ. ಹುರಿದ ಶೇಂಗಾ ಎರಡು ಬಟ್ಟಲು, ಬೆಲ್ಲ ಒಂದು ಬಟ್ಟಲು ಕೂಡಿಸಿ ಕುಟ್ಟಿದರೆ ಪಾಕದ ಗೊಡವೆಯಿಲ್ಲದೆ ಉಂಡೆ ಕಟ್ಟಬಹುದು. ಒಂದು ವಾರ ಕೆಡುವುದಿಲ್ಲ, ಮಗುವಿನ ಕಿಸೆಯಲ್ಲಿಯೂ ಹಿಡಿಸುತ್ತದೆ.

ಏನು ತಿನ್ನಬೇಕೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಅದನ್ನು ಬೇಯಿಸುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ವೇದಿಕೆಯ ಮೇಲೆ ನಿಂತು ರೊಟ್ಟಿ ಮತ್ತು ಸಿರಿಧಾನ್ಯಗಳ ಮಹಿಮೆ ಹೇಳುವ ನಾವು, ಬೆಳಗಿನ ಐದಕ್ಕೆ ಎದ್ದು ಒಲೆಯ ಝಳದಲ್ಲಿ ಇಪ್ಪತ್ತು ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ಮರೆತುಬಿಡುತ್ತೇವೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು, ನಮ್ಮಲ್ಲಿಯೂ ಭಾಷಣಗಳಾದವು. ಆದರೆ ಹೊಲ ಅಥವಾ ಕಚೇರಿಯ ದುಡಿಮೆ ಮುಗಿಸಿ ಬಂದ ತಾಯಿಗೆ ಕಾಳು ನೆನೆಸು, ಸೊಪ್ಪು ಸೋಸು, ಹಿಂಡಿ ಕುಟ್ಟು ಎಂದು ಉಪದೇಶಿಸುವುದು ಆರೋಗ್ಯದ ಹೆಸರಿನಲ್ಲಿ ಹೊರೆ ಹೇರಿದಂತೆಯೇ ಸರಿ. ಅವಳು ಮಗುವಿನ ಕೈಗೆ ಪಾಕೀಟು ಕೊಟ್ಟರೆ ತಪ್ಪು ಅವಳದಲ್ಲ, ಪಕ್ಕದಲ್ಲಿ ಕೈಕಟ್ಟಿ ಕುಳಿತವರದು. ನನ್ನ ಶ್ರೀಮತಿ ನಲವತ್ತು ವರ್ಷಗಳಲ್ಲಿ ಬಿಡುವು ಕಂಡದ್ದು ಕೈ ಮುರಿದಾಗ ಮಾತ್ರ ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಮನೆಯೂಟ ಸರಳವಾಗಬೇಕಾದರೆ ಮೊದಲು ಅದರ ಕೆಲಸ ಹಂಚಿಹೋಗಬೇಕು.

ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿದ ನನ್ನಂಥವರಿಗೆ ಇದನ್ನು ಹೇಳುವ ಹೊಣೆ ಹೆಚ್ಚು. ಅಂದು ನಾವು ನೀರು ಹೊತ್ತೆವು, ಕಸ ಗುಡಿಸಿದೆವು, ಹರಿವಾಣದಲ್ಲಿ ಕಾಳು ಹರವಿಕೊಂಡು ಹರಳು ಆರಿಸಿದೆವು, ಪಂಕ್ತಿಯಲ್ಲಿ ಬಡಿಸಿದೆವು, ಉಂಡ ತಾಟನ್ನು ನಾವೇ ಬೆಳಗಿದೆವು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬುದನ್ನು ಪುಸ್ತಕದಿಂದಲ್ಲ, ಆ ಅಂಗಳದಿಂದ ಕಲಿತೆವು. ಆದರೆ ನಮ್ಮ ಕಾಯಕ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತುಬಿಡುತ್ತಿತ್ತು. ಉಣ್ಣುವುದನ್ನು, ಉಣಬಡಿಸುವುದನ್ನು ಕಲಿತೆವು, ಬೇಯಿಸುವುದನ್ನು ಕಲಿಯಲಿಲ್ಲ. ದಾಸೋಹದ ಮೂರು ಪಾಲಿನಲ್ಲಿ ಒಂದು ಪಾಲು ಬಾಕಿ ಉಳಿಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಶನಿವಾರದ ಒಂದು ಅವಧಿಯನ್ನು ಅಡಿಗೆಗೆ ಮೀಸಲಿಡಬೇಕು. ಹುಡುಗರು, ಹುಡುಗಿಯರು ಭೇದವಿಲ್ಲದೆ ಹತ್ತು ಹತ್ತು ಜನರ ತಂಡಗಳಾಗಬೇಕು. ಶಾಲೆ ಬಿಡುವ ಮುನ್ನ ಪ್ರತಿಯೊಬ್ಬರಿಗೂ ಆರು ಅಡಿಗೆಗಳು ಬರಬೇಕು: ರೊಟ್ಟಿ, ಬೇಳೆಯ ಸಾರು, ಒಂದು ಕಾಳುಪಲ್ಯ, ಒಂದು ಸೊಪ್ಪಿನ ಪಲ್ಯ, ಒಂದು ಹಿಂಡಿ, ಒಂದು ತಿನಿಸು. ಆರರಲ್ಲಿಯೂ ಹಾಲಿನ ಪದಾರ್ಥ ಬೇಕಿಲ್ಲ. ಖರ್ಚು ಕಡಿಮೆ, ಸಾಮಾನು ಬೇಗ ಕೆಡುವುದಿಲ್ಲ, ಯಾವ ಮನೆಯ ಮಗುವೂ ‘ನಮ್ಮಲ್ಲಿ ಇದು ಸಿಗುವುದಿಲ್ಲ’ ಎಂದು ಹಿಂದೆ ಸರಿಯಬೇಕಾಗಿಲ್ಲ. ಪ್ರಸಾದ ನಿಲಯದ ಅಡಿಗೆಯವರೇ ಗುರುಗಳಾಗಲಿ. ವಿಜ್ಞಾನದ ಶಿಕ್ಷಕರು ಪಕ್ಕದಲ್ಲಿ ನಿಂತು ಎಸರು ಏಕೆ, ಮೊಳಕೆ ಏಕೆ, ಲಿಂಬೆ ಏಕೆ ಎಂಬುದನ್ನು ವಿವರಿಸಲಿ.

ಹುಡುಗರಿಗೇಕೆ ಅಡಿಗೆ ಎಂದು ಕೇಳುವವರಿಗೆ, ಮಠಗಳಲ್ಲಿ ಸಾವಿರಾರು ಜನರಿಗೆ ಬೇಯಿಸಿ ಹಾಕುವ ಕೈಗಳು ಬಹುಪಾಲು ಗಂಡಸರವೇ ಎಂದು ನೆನಪಿಸಬಯಸುತ್ತೇನೆ. ಮಠದಲ್ಲಿ ಗೌರವವಾದದ್ದು ಮನೆಯಲ್ಲಿ ಅಗೌರವ ಹೇಗಾದೀತು? ಪರೀಕ್ಷೆಯ ಕಾಲವ್ಯಯವಾಗುತ್ತದೆಂಬ ಪಾಲಕರ ಅಂಜಿಕೆಗೂ ಉತ್ತರವಿದೆ. ಉಪವಾಸದ ಹೊಟ್ಟೆಯಲ್ಲಿ ಓದಿದ ಪಾಠ ತಲೆಗೆ ಹತ್ತುವುದಿಲ್ಲವೆಂಬುದು ಶಿಕ್ಷಕರಿಗೆಲ್ಲ ಗೊತ್ತು. 2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಆರಂಭವಾದದ್ದೂ ಈ ಸತ್ಯವನ್ನು ನಂಬಿಯೇ. ಪರೀಕ್ಷೆ ಪಾಸಾಗಿ ದೂರದ ಊರಿನ ಬಾಡಿಗೆ ಕೋಣೆ ಸೇರುವ ನಮ್ಮ ವಿದ್ಯಾರ್ಥಿ ಅಲ್ಲಿ ಏನು ತಿನ್ನುತ್ತಾನೆ ಎಂದೂ ನಾವು ಯೋಚಿಸಬೇಕಲ್ಲವೆ?

ಈ ಸಂಸ್ಥೆಯ ಗೋಡೆಗೋಡೆಯ ಮೇಲೂ ದಾನಿಗಳ ಹೆಸರಿನ ಕಲ್ಲುಗಳಿವೆ. ಅವರ ಔದಾರ್ಯದಿಂದಲೇ ನಾವು ಓದಿದ್ದೇವೆ. ಈ ಕಾರ್ಯಕ್ಕೆ ಕಟ್ಟಡ ಬೇಡ. ಒಂದು ತಗಡಿನ ಚಪ್ಪರ, ಆರು ಒಲೆ, ಹನ್ನೆರಡು ಹಂಚು, ಕೆಲವು ಕೊಣಮಿಗೆ, ಒಂದು ಒರಳು ಸಾಕು. ಸುಗ್ಗಿಯಲ್ಲಿ ಶ್ರೀಮಠಕ್ಕೆ ಬರುವ ಜೋಳದ ಚೀಲಗಳಲ್ಲಿ ಎರಡು ಚೀಲ ಮಕ್ಕಳ ಈ ಒಲೆಗೆ ತಿರುಗಿದರೆ ವರ್ಷ ಸಾಗುತ್ತದೆ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಶನಿವಾರ ಬಂದು ತಂಡವೊಂದರ ಜೊತೆ ಕುಳಿತು ಉಣ್ಣಲಿ. ಪೂಜ್ಯ ಶ್ರೀಗಳವರು ಮತ್ತು ಆಡಳಿತ ಮಂಡಳಿಯವರು ಮನಸ್ಸು ಮಾಡಿದರೆ ಬರುವ ಜೂನ್ ತಿಂಗಳಿಂದಲೇ ಇದನ್ನು ಆರಂಭಿಸಬಹುದು.

ಶ್ರೀಮತಿಯ ಕೈ ಕೂಡಿ ಬಹಳ ದಿನಗಳಾದವು. ಆದರೂ ಮುಂಜಾನೆಯ ರೊಟ್ಟಿ ನನ್ನ ಪಾಲಿಗೇ ಉಳಿದಿದೆ. ಈಗಲೂ ಅಂಚು ಒಡೆಯುತ್ತದೆ, ಒಂದೊಂದು ದಿನ ಉಬ್ಬುವುದಿಲ್ಲ. ಅವಳು ಮಾತ್ರ ಸೀಳಿದ ರೊಟ್ಟಿಯನ್ನೇ ಮೊದಲು ತೆಗೆದುಕೊಂಡು ಹಿಂಡಿ ಹಚ್ಚಿಕೊಂಡು ಉಣ್ಣುತ್ತಾಳೆ. ಎಪ್ಪತ್ತರ ಹತ್ತಿರ ನಾನು ಕಲಿತದ್ದನ್ನು ನಮ್ಮ ಮಕ್ಕಳು ಹದಿನಾಲ್ಕರಲ್ಲಿ ಕಲಿಯಲಿ ಎಂಬುದೇ ನನ್ನ ಹಾರೈಕೆ.