ಯೆಜ್ಡಿಗೆ ಎಣ್ಣೆ ಹಾಕುವ ಮುಂಚೆ...

ಎಣ್ಣೆ ಅಂದರೆ ಆ ಎಣ್ಣೆ ಅಲ್ಲ ಸ್ವಾಮಿ, ಗಾಡಿಗೆ ಹಾಕೋ ಆಯಿಲ್ :)

ನನ್ನ ಹತ್ತಿರ ಒಂದು 1984ರ ರೋಡ್‌ಕಿಂಗ್ ಇದೆ. ಮೈಸೂರು ಬಿಟ್ಟು ಡೊಂಬಿವಲಿಗೆ ಬಂದಾಗ ರೈಲಿನಲ್ಲಿ ಬುಕ್ ಮಾಡಿ ತಂದದ್ದು. ಆಮೇಲೆ ನನಗೆ ಮದುವೆಯಾಯಿತು, ಮಕ್ಕಳಾದರು, ತಲೆ ಬೋಳಾಯಿತು. ಗಾಡಿ ಮಾತ್ರ ಹಾಗೇ ಇದೆ. ಹಾಗೇ ಇತ್ತು ಅನ್ನಬೇಕು. ಮೂರು ವರ್ಷದ ಹಿಂದೆ ಕಲ್ಯಾಣದ ಒಂದು ಗ್ಯಾರೇಜಿಗೆ ಬಿಟ್ಟು ಬಂದೆ. ಮರುದಿನ ಶಿಳ್‌ಫಾಟಾ ಟ್ರಾಫಿಕ್ ಜಾಮಿನಲ್ಲಿ ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ಏನು ಮಾಡಿದರೂ ನ್ಯೂಟ್ರಲ್ ಸಿಗುವುದಿಲ್ಲ. ಹಿಂದೆ ಟ್ರಕ್ಕು, ಮುಂದೆ ರಿಕ್ಷಾ, ನಡುವೆ ನಾನು.

ವಾಪಸ್ ಹೋಗಿ ಕೇಳಿದರೆ ಮೆಕ್ಯಾನಿಕ್, "ಸಾಹೇಬ್, ಜುನೀ ಗಾಡೀ, ಜಾಡ ಆಯಿಲ್‌ಚ ಲಾಗತಂ" ಅಂದ. ಹಳೇ ಗಾಡಿಗೆ ದಪ್ಪ ಆಯಿಲ್ಲೇ ಬೇಕಂತೆ. ಗೇರ್ ಬಾಕ್ಸಿಗೆ ಲಾರಿ ಡಿಫರೆನ್ಷಿಯಲ್‌ಗೆ ಹಾಕುವ ಇಪಿ 90 ಸುರಿದಿದ್ದ! ಅವನನ್ನು ಬೈದು ಉಪಯೋಗವಿಲ್ಲ. ಠಾಣೆಯಿಂದ ಪನ್ವೇಲ್‌ವರೆಗೆ ಹಳೇ ಗಾಡಿ ಇಟ್ಟುಕೊಂಡ ನಮ್ಮವರಲ್ಲೂ ಅರ್ಧ ಜನ ಇದನ್ನೇ ಹೇಳುತ್ತಾರೆ. ನನ್ನ ಜಗಳ ಇರೋದು ಇವರ ಜೊತೆ.

ಮೊದಲನೆಯದು, 90 ಅನ್ನುವ ಅಂಕಿ. ಎಂಜಿನ್ ಆಯಿಲ್‌ನ ಅಳತೆಗೋಲು ಬೇರೆ, ಗೇರ್ ಆಯಿಲ್‌ನದು ಬೇರೆ. ಗೇರ್ ಆಯಿಲ್ 90, ಬಿಸಿಯಾದಾಗ ಹೆಚ್ಚುಕಡಿಮೆ ಎಂಜಿನ್ ಆಯಿಲ್ 40-50ರಷ್ಟೇ ದಪ್ಪ. ಎರಡು ಪಟ್ಟು ದಪ್ಪ, ಎರಡು ಪಟ್ಟು ರಕ್ಷಣೆ ಅನ್ನುವುದು ನಮ್ಮ ಭ್ರಮೆ. ತೊಂದರೆ ಇರುವುದು ಅದರ ಒಳಗಿನ ಇಪಿ ರಾಸಾಯನಿಕದಲ್ಲಿ. ಯೆಜ್ಡಿಯಲ್ಲಿ ಗೇರು, ಪ್ರೈಮರಿ ಚೈನು, ಕ್ಲಚ್ ಪ್ಲೇಟು, ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಲಾರಿಯ ಡಿಫರೆನ್ಷಿಯಲ್‌ನಲ್ಲಿ ಕ್ಲಚ್ ಎಲ್ಲಿದೆ ಹೇಳಿ? ಅದಕ್ಕೆಂದು ಮಾಡಿದ ಎಣ್ಣೆ ನಮ್ಮ ಪ್ಲೇಟುಗಳಿಗೆ ಹೊಂದುವುದಿಲ್ಲ. ಅದರಲ್ಲಿರುವ ಗಂಧಕದ ಅಂಶ ಬಿಸಿಗೆ ಕಂಚಿನ ಬುಷ್‌ಗಳನ್ನು ತಿನ್ನಲೂಬಹುದು.

ಎರಡನೆಯ ಜಾತಿಯವರು ದುಡ್ಡಿನವರು. ವಾಶಿಯ ನನ್ನ ಗೆಳೆಯ ತನ್ನ ಕಾರಿಗೆ ತಂದ ಫುಲ್ಲಿ ಸಿಂಥೆಟಿಕ್ ಆಯಿಲ್ ಮಿಕ್ಕಿತ್ತು ಅಂತ ಯೆಜ್ಡಿಗೆ ಸುರಿದ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರುತ್ತದೆ. ಇವನ ಕ್ಲಚ್ ಎಷ್ಟು ಚೆನ್ನಾಗಿ ಜಾರಿತೆಂದರೆ, ಮುಂಬ್ರಾ ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ನಿಂತಲ್ಲೇ ನಿಂತಿತ್ತು. ನಾನು ಹಾಕುವುದು ಸಾದಾ ಮಿನರಲ್ 20ಡಬ್ಲ್ಯೂ-40. ಡಬ್ಬದ ಮೇಲೆ 'ಜಾಸೋ ಎಂಎ' ಅಂತ ಇರಬೇಕು, ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗೆ ಸರಿ ಅಂತ ಅದರ ಅರ್ಥ. ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ, ಅಗ್ಗ. ಅಗ್ಗ ಅನ್ನುವುದೇ ಅದರ ತಪ್ಪು!

ಮೂರನೆಯವರು ಪ್ರೀತಿ ಜಾಸ್ತಿಯಾದವರು. ನಮ್ಮದು ಟೂ ಸ್ಟ್ರೋಕ್, ಎಂಜಿನ್ ಆಯಿಲ್ ಪೆಟ್ರೋಲ್ ಜೊತೆಗೇ ಹೋಗಬೇಕು. ಹಳೇ ಜಾವಾ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ. "ಇನ್ನೊಂದು ಚೂರು ಇರಲಿ" ಅಂತ 60, 70 ಸುರಿಯುತ್ತಾರೆ, ಮಗುವಿಗೆ ತುಪ್ಪ ಬಡಿಸಿದ ಹಾಗೆ. ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ, ಪ್ಲಗ್ ಸಾಯುತ್ತದೆ, ಇಡೀ ಬಿಲ್ಡಿಂಗಿಗೆ ಹೊಗೆ. ಕಡಿಮೆ ಹೊಗೆಯ 'ಎಫ್‌ಸಿ' ದರ್ಜೆಯ 2ಟಿ ಆಯಿಲ್ ತಂದು ಅಳೆದು ಹಾಕಿ ಸಾಕು. ದೋಣಿಯ ಎಂಜಿನ್‌ಗೆಂದು ಮಾಡಿದ್ದು ಬೇಡ, ಅದು ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ.

ಅಳೆದು ಹಾಕಿದರೂ ಹೊಗೆ ನಿಲ್ಲಲಿಲ್ಲವೇ? ಗೇರ್ ಆಯಿಲ್ ಮಟ್ಟ ನೋಡಿ. ಅದೂ ಇಳಿಯುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಎಂಜಿನ್ನೇ ಅದನ್ನು ಕುಡಿಯುತ್ತಿರಬಹುದು. ಯಾವ ಬ್ರ್ಯಾಂಡ್ ಬದಲಾಯಿಸಿದರೂ ಇದು ವಾಸಿಯಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್, ಕಾರ್ಬ್ಯುರೇಟರ್ ಖಾಲಿ ಮಾಡಿ. ಈಗಿನ ಪೆಟ್ರೋಲಿನ ಎಥನಾಲ್ ನೀರು ಹೀರುತ್ತದೆ, ನಮ್ಮ ಕೊಂಕಣದ ಗಾಳಿಯಲ್ಲಿ ನೀರಿಗೇನು ಬರ! ಮಳೆ ನಿಂತ ಮೇಲೆ ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಂಡರೆ ಯೋಚನೆ ಮಾಡದೆ ಚೆಲ್ಲಿ.

"ನಮ್ಮಪ್ಪ ಸಿಕ್ಕಿದ್ದು ಹಾಕಿ ಇಪ್ಪತ್ತು ವರ್ಷ ಓಡಿಸಿದರು" ಅನ್ನುವವರಿಗೆ ಒಂದು ಮಾತು. ನಿಜ, ಓಡಿಸಿದರು. ಆಗ ಯಾದವಗಿರಿಯ ಫ್ಯಾಕ್ಟರಿ ನಡೆಯುತ್ತಿತ್ತು, ಬುಷ್ ಹೋದರೆ ಹೊಸದು ಬರುತ್ತಿತ್ತು. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಐಡಿಯಲ್ ಜಾವಾ 1996ಕ್ಕೆ ನಿಂತೇ ಹೋಯಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು, ಆದರೆ ಅದು ಫೋರ್ ಸ್ಟ್ರೋಕ್, ಅದರ ಬುಷ್ಷು ನಮ್ಮದಕ್ಕೆ ಆಗುವುದಿಲ್ಲ. ಈಗ ನಮ್ಮ ಗಾಡಿಯಲ್ಲಿ ಸವೆದದ್ದು ಸವೆದ ಹಾಗೇ.

ಊರಿನ ನೆನಪು ಅಂತ ನವೆಂಬರ್ ಒಂದಕ್ಕೆ ಗಾಡಿಗೆ ಬಾವುಟ ಕಟ್ಟಿ ಮೆರೆಸುತ್ತೇವೆ. ಒಳ್ಳೆಯದೇ. ಆದರೆ ಮೈಸೂರಿನಲ್ಲಿ ಮಾಡಿದ ಆ ಯಂತ್ರಕ್ಕೆ ಏನು ಬೇಕು ಅಂತ ಕೇಳದೆ, ನಮಗೆ ತೋಚಿದ್ದನ್ನು ಅದರ ಹೊಟ್ಟೆಗೆ ಸುರಿದರೆ ಅದು ಅಭಿಮಾನವೇ? ಗೇರ್ ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿ ನೋಡಿ, ಏನು ಬಣ್ಣ ಇದೆ ಹೇಳಿ. ಆಮೇಲೆ ಬೇಕಾದರೆ ನನ್ನ ಜೊತೆ ಜಗಳಕ್ಕೆ ಬನ್ನಿ.